ಮೇಸ್ತ್ರಿ ಹಾಕಿದ್ದೇ ನಮಗೂ

“ಏಳು ಒಂದ್ನಿಮಿಷ,” ಎಂದು ಸೀಟಕ್ಕ ಮೇಸ್ತ್ರಿಯನ್ನು ಎಬ್ಬಿಸಿ, ಅವನ ಕಬ್ಬಿಣದ ಸ್ಟೂಲಿನ ಮೇಲೆ ಹೊಸ ಮೆತ್ತೆಯೊಂದನ್ನು ಹಾಕಿದಳು. ಅವಳು ಬಸ್ಸಿನ ಸೀಟಿಗೆ ಹೊಲಿದು ಮಿಕ್ಕ ನೀಲಿ ರೆಕ್ಸಿನ್ನು, ಅಂಚಿಗೆ ಎರಡೆರಡು ಹೊಲಿಗೆ. “ಈಗ ಕೂತ್ಕೋ. ದುಡ್ಡಂತೂ ಹೋಯ್ತು, ಸೊಂಟನಾದ್ರೂ ಉಳೀಲಿ.”

ಸುತ್ತ ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದವರೆಲ್ಲ ನಕ್ಕರು. ಮೇಸ್ತ್ರಿಯೂ ನಕ್ಕ. ನಗದೆ ಇನ್ನೇನು ಮಾಡುತ್ತಾನೆ? ಮೆತ್ತೆ ಹಿತವಾಗಿತ್ತು. ಅದನ್ನೇ ಅವನಿಗೆ ತಡೆದುಕೊಳ್ಳಲು ಆಗಲಿಲ್ಲ.

“ನಂದು ಬಿಡು, ಒಂಟಿ ಜೀವ. ನಿಂದೂ ಹೋಯ್ತಲ್ಲ, ಹೆಂಡ್ತಿ ಮಕ್ಕಳಿರೋನು, ಅದೇ ನಂಗೆ ಸಂಕಟ,” ಅಂದಳು.

“ಅಯ್ಯೋ ಬಿಡಿ ಅಕ್ಕ,” ಎಂದು ಮೇಸ್ತ್ರಿ ಡಬ್ಬಿಯೊಳಗೆ ಮುಖ ಹುದುಗಿಸಿದ.

ಆ ಬಸ್ ಡಿಪೋದಲ್ಲಿ ಮೇಸ್ತ್ರಿ ಹೇಳಿದ ಮೇಲೆ ಮುಗಿಯಿತು. ಬಾನೆಟ್ ಎತ್ತುವ ಮೊದಲೇ, ಓಡುತ್ತಿರುವ ಇಂಜಿನ್ನಿಗೆ ಕಿವಿಗೊಟ್ಟು, ಸವೆದದ್ದು ಯಾವುದು, ಸಡಿಲವಾದದ್ದು ಯಾವುದು ಎಂದು ಹೇಳಿಬಿಡುತ್ತಿದ್ದ. ಶೆಡ್ಡಿನ ಆ ತುದಿಯಲ್ಲಿ ಸೀಟಕ್ಕನ ಹೊಲಿಗೆ ಮಿಷನ್ನಿನ ದನಿ ತುಸು ಬದಲಾದರೂ ಸಾಕು, ಅವಳು ಕರೆಯುವ ಮೊದಲೇ ಎಣ್ಣೆ ಡಬ್ಬಿ ಹಿಡಿದು ಹಾಜರು. ಹೀಗಾಗಿ ಹಳೇ ಸ್ಕೂಟರು ಕೊಳ್ಳುವವರು, ಮಗಳಿಗೆ ಗಂಡು ನೋಡುವವರು, ಹಲ್ಲು ನೋವಿನವರು, ಎಲ್ಲರೂ ಅವನನ್ನೇ ಕೇಳುತ್ತಿದ್ದರು. ಅವನೂ ಹೇಳುತ್ತಿದ್ದ. ‘ಗೊತ್ತಿಲ್ಲ’ ಅನ್ನುವ ಮಾತಿಗೆ ಅವನ ನಾಲಿಗೆ ಹೊರಳುವುದೇ ನಿಂತುಹೋಗಿತ್ತು.

ಹೋದ ವರ್ಷ ಕಂಪನಿ ಎಲ್ಲರಿಗೂ ಹೊಸ ನಿವೃತ್ತಿ ಖಾತೆ ತೆರೆಯಿತು. ಸಂಬಳದಲ್ಲಿ ತಿಂಗಳು ತಿಂಗಳು ಇಷ್ಟು ಮುರಿದುಕೊಳ್ಳುವುದು, ಕಂಪನಿಯೂ ಅಷ್ಟೇ ಸೇರಿಸುವುದು. ಆದರೆ ಆ ಹಣ ಷೇರಿನ ಫಂಡಿಗೆ ಹೋಗಬೇಕೋ, ಬಾಂಡಿನ ಫಂಡಿಗೋ, ಎರಡೂ ಬೆರೆಸಿದ್ದಕ್ಕೋ, ಅದನ್ನು ಕೆಲಸಗಾರರೇ ಆರಿಸಬೇಕು. ಫಂಡಿನ ಆಫೀಸಿನಿಂದ ಬಂದ ಹುಡುಗಿ ಗೋಡೆಯ ಮೇಲೆ ಚಿತ್ರ ತೋರಿಸುತ್ತ ಬಿಡಿಸಿ ಬಿಡಿಸಿ ಹೇಳಿದಳು. ಮೇಸ್ತ್ರಿಯ ತಲೆಗೆ ಒಂದಕ್ಷರ ಇಳಿಯಲಿಲ್ಲ. ಆದರೂ ತಲೆ ಅಲ್ಲಾಡಿಸಿದ. ತಲೆ ಅಲ್ಲಾಡಿಸುವವನನ್ನು ಕಂಡರೆ ಹೇಳುವವರಿಗೂ ಹುರುಪು. ಅವಳು ಅವನೊಬ್ಬನನ್ನೇ ನೋಡಿಕೊಂಡು ಪಾಠ ಮುಗಿಸಿದಳು. ಟೈರು ಬಿಚ್ಚುವ ಡೊಳ್ಳ ಹಿಂದಿನಿಂದ ಕೂಗಿದ: “ಮೇಸ್ತ್ರಿ ಹಾಕಿದ್ದೇ ನಮಗೂ!”

ಹಾಳೆಯಲ್ಲಿ ಷೇರಿನ ಫಂಡಿನ ಮುಂದೆ ಎಲ್ಲಕ್ಕಿಂತ ದೊಡ್ಡ ಅಂಕಿ ಇತ್ತು. ಇಂಜಿನ್ನಿಗೆ ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು. ಇದೂ ಹಾಗೇ ಇರಬೇಕೆಂದು ಮೇಸ್ತ್ರಿ ಅದಕ್ಕೇ ಗುರುತು ಹಾಕಿದ. ಸಾಲಾಗಿ ಎಲ್ಲರೂ ಹಾಕಿದರು.

“ಇಷ್ಟು ವರ್ಷ ಕೂಡಿಟ್ಟ ನನ್ನ ಹಳೇ ಗಂಟನ್ನೂ ಇದಕ್ಕೇ ತಿರುಗಿಸ್ಲಾ?” ಸೀಟಕ್ಕ ಕೇಳಿದ್ದಳು. ಅವಳ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು.

“ಹಾಕಿ ಅಕ್ಕ, ಯೋಚ್ನೆ ಮಾಡ್ಬೇಡಿ,” ಅಂದಿದ್ದ.

ತಿಂಗಳೊಳಗೆ ಮನೆಗೆ ಬಂದ ಹೆಂಡತಿಯ ತಮ್ಮ ಆ ಹಾಳೆ ನೋಡಿ ಹುಬ್ಬು ಗಂಟಿಕ್ಕಿದ. “ಏನ್ ಭಾವ, ಅಷ್ಟೂ ಷೇರಿಗೇ ಸುರಿದಿದ್ದೀರಿ? ಅದು ಏರಿದ ಹಾಗೇ ಇಳಿಯುತ್ತೆ. ವಯಸ್ಸಿರೋರು ಕಾಯ್ತಾರೆ. ನಾಳೆ ನಾಡಿದ್ದು ರಿಟೈರ್ ಆಗೋರಂತೂ ಎಲ್ಲಾನೂ ಅದ್ರಲ್ಲೇ ಇಡಬಾರದು.” ಸದಾ ಮೂಗು ತೂರಿಸುವ ಆ ಭಾವಮೈದನ ಕೈಯಿಂದ ಮೇಸ್ತ್ರಿ ಹಾಳೆ ಕಿತ್ತುಕೊಂಡ. ಮರುದಿನ ಬೆಳಗ್ಗೆ ಶೆಡ್ಡಿನವರು ಬರುವ ಮೊದಲೇ ಗುಮಾಸ್ತನ ಕಿಟಕಿಗೆ ಹೋಗಿ ತನ್ನದರಲ್ಲಿ ಹೆಚ್ಚಿನ ಪಾಲನ್ನು ಅಷ್ಟು ಏರಿಳಿತವಿಲ್ಲದ ಬಾಂಡಿಗೆ ಬದಲಾಯಿಸಿಕೊಂಡ.

ವಾಪಸು ಬರುವಾಗ ಸೀಟಕ್ಕನ ಹೊಲಿಗೆ ಕೋಣೆಯ ಬಾಗಿಲಲ್ಲಿ ಅವನ ಕಾಲು ನಿಂತಿತು. ಹೇಳಬೇಕೆಂದೇ ನಿಂತಿದ್ದ. ಹೇಳಿದರೆ, ಅವತ್ತು ನನಗೇನೂ ತಿಳಿದಿರಲಿಲ್ಲ ಅಂತಲೂ ಹೇಳಬೇಕಲ್ಲ.

“ಏನ್ ಮೇಸ್ತ್ರಿ?” ಅವಳು ತಲೆಯೆತ್ತಿದಳು.

“ಏನಿಲ್ಲ. ಮಿಷನ್ನಿಗೆ ಎಣ್ಣೆ ಬೇಕಾ ಅಂತ.”

ಆಮೇಲೆ ಷೇರು ಪೇಟೆ ಬಿತ್ತು. ಸೀಟಕ್ಕನ ಗಂಟಿನಲ್ಲಿ ಮೂರನೇ ಒಂದು ಪಾಲು ಕರಗಿತು. ನಿವೃತ್ತಿಯಾದ ಮೇಲೆ ಮಂಡಿಗೆ ಆಪರೇಷನ್ ಮಾಡಿಸಿಕೊಂಡು, ಕಾಲು ಚಾಚಿ ಕೂರುತ್ತೇನೆ ಅನ್ನುತ್ತಿದ್ದವಳು, ಇನ್ನೆರಡು ವರ್ಷ ಕೆಲಸ ಕೊಡಿ ಎಂದು ಕೇಳಿಕೊಂಡಳು. ಊದಿದ ಕಾಲಿನಲ್ಲೇ ಪೆಡಲು ತುಳಿಯುತ್ತಿದ್ದಳು. ಮೇಸ್ತ್ರಿಯನ್ನು ಒಬ್ಬರೂ ಒಂದು ಮಾತು ಅನ್ನಲಿಲ್ಲ. ಪಾಪ, ಅವನದೂ ಹೋಯಿತಲ್ಲ ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಮೆತ್ತೆ ಹಾಕಿದ ಆ ದಿನ ಊಟ ಮುಗಿಯುತ್ತಲೇ ಫಂಡಿನ ಆಫೀಸಿನ ಅದೇ ಹುಡುಗಿ ಮತ್ತೆ ಬಂದಳು. ಆಯ್ಕೆ ಬದಲಿಸುವವರು ಬದಲಿಸಬಹುದು ಎಂದು ಹಾಳೆ ಹಂಚಿದಳು. “ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?”

“ನಮ್ಮನ್ನೇನ್ ಕೇಳ್ತೀರಿ ಮೇಡಂ,” ಡೊಳ್ಳ ಅಂದ. “ಮೇಸ್ತ್ರಿ, ಈ ಸಲ ಯಾವ್ದು?”

ಎಲ್ಲರ ಪೆನ್ನುಗಳೂ ತಯಾರಾಗಿದ್ದವು. ಸೀಟಕ್ಕನೂ ಕನ್ನಡಕ ಏರಿಸಿಕೊಂಡು ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಮೇಸ್ತ್ರಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಎದ್ದು ನಿಂತ.

“ಮೇಡಂ, ಫಂಡು ಅಂದ್ರೆ ಏನು?”

ಎಲ್ಲರೂ ಹೋ ಎಂದು ನಕ್ಕರು. ಡೊಳ್ಳ ತೊಡೆ ತಟ್ಟಿಕೊಂಡ. ಮೇಸ್ತ್ರಿ ಕೂರಲಿಲ್ಲ. ಅವನ ಮುಖ ನೋಡುತ್ತಿದ್ದಂತೆ ನಗು ಒಬ್ಬೊಬ್ಬರಲ್ಲೇ ಆರಿತು.

“ತಮಾಷೆ ಅಲ್ಲ. ಹೋದ್ಸಲಾನೂ ನಂಗೆ ಗೊತ್ತಿರ್ಲಿಲ್ಲ. ದೊಡ್ಡ ಅಂಕಿ ನೋಡಿ ಗುರುತು ಹಾಕ್ದೆ. ಆಮೇಲೆ ತಪ್ಪು ಅಂತ ಗೊತ್ತಾಯ್ತು, ನಂದು ಬದಲಾಯಿಸ್ಕೊಂಡೆ. ನಂಗೆ ಹೆಚ್ಚೇನೂ ಹೋಗಿಲ್ಲ.”

“ಮತ್ತೆ ನಮಗ್ಯಾಕ್ ಹೇಳ್ಲಿಲ್ಲ?” ಡೊಳ್ಳನ ದನಿ ಸಣ್ಣಗಾಗಿತ್ತು.

“ನಾಚಿಕೆ ಆಯ್ತು.”

ಸೀಟಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. “ಅವತ್ತು ಎಣ್ಣೆ ಬೇಕಾ ಅಂತ ಬಂದು ನಿಂತಿದ್ಯಲ್ಲ, ಬೆಳಗ್ಗೆ ಬೆಳಗ್ಗೆ...”

“ಹೂಂ ಅಕ್ಕ.”

“ಅವತ್ತೇನಾ?”

“ಅವತ್ತೇ.”

ಅವಳು ಅವನ ಮೇಲಿಂದ ಕಣ್ಣು ತೆಗೆದಳು. ಕುರ್ಚಿಯನ್ನು ಹುಡುಗಿಯ ಕಡೆಗೆ ಎಳೆದುಕೊಂಡಳು. “ನೀನೇ ಹೇಳಮ್ಮ, ಮೊದಲಿಂದ. ಫಂಡು ಅಂದ್ರೇನು?”

ಮರುದಿನ ಮೆತ್ತೆ ಸ್ಟೂಲಿನ ಮೇಲೆಯೇ ಇತ್ತು. ಅವಳು ವಾಪಸು ಒಯ್ದಿರಲಿಲ್ಲ. ಮೇಸ್ತ್ರಿ ಅದರ ಮೇಲೆ ಕೂರಲು ಮನಸ್ಸಾಗದೆ ನಿಂತೇ ಕೆಲಸ ಮಾಡಿದ. ಹನ್ನೊಂದರ ಹೊತ್ತಿಗೆ ಶೆಡ್ಡಿನ ಆ ತುದಿಯಲ್ಲಿ ಮಿಷನ್ನು ಕರಕರ ಅನ್ನತೊಡಗಿತು. ಎಲ್ಲಿ ಒಣಗಿದೆ ಎಂದು ಅವನಿಗೆ ಇಲ್ಲಿಂದಲೇ ಗೊತ್ತಾಯಿತು. ತಡೆದು ನೋಡಿದ, ಆಗಲಿಲ್ಲ. ಎಣ್ಣೆ ಡಬ್ಬಿ ಹಿಡಿದು ಹೋಗಿ ಅವಳ ಬಾಗಿಲಲ್ಲಿ ನಿಂತ.

ಸೀಟಕ್ಕ ತಲೆಯೆತ್ತಲಿಲ್ಲ. ಮಿಷನ್ನು ಕರಕರ ಅನ್ನುತ್ತಲೇ ಇತ್ತು, ನೀಲಿ ರೆಕ್ಸಿನ್ನು ಸೂಜಿಯ ಕೆಳಗೆ ನಿಧಾನಕ್ಕೆ ಸರಿಯುತ್ತಿತ್ತು.