ಆರರಲ್ಲಿ ಒಬ್ಬರು

ಗಾಜಿನ ಗೋಡೆಯ ಮೇಲೆ ಯಾರದೋ ಹಣೆಯ ಜಿಡ್ಡು, ದಾರಿಯೆಂದುಕೊಂಡು ನೇರ ಬಂದು ಹೊಡೆದುಕೊಂಡಿರಬೇಕು ಪಾಪ, ಸೇರಿದ ಹೊಸತರಲ್ಲಿ ನಾನೂ ಹೊಡೆದುಕೊಂಡಿದ್ದೆ, ಹದಿನಾಲ್ಕು ವರ್ಷವಾಯಿತು, ಈಗ ಅದೇ ಗಾಜಿನೊಳಗೆ ಕೂತು ದಿನಕ್ಕೆ ಐದು ಮೀಟಿಂಗ್ ಮಾಡುತ್ತೇನೆ, ಹಣೆ ನೋಯುವುದಿಲ್ಲ, ತಲೆ ಮಾತ್ರ ಚಿಟ್ಟು ಹಿಡಿಯುತ್ತದೆ — ಎದುರಿಗೆ ಮ್ಯಾನೇಜರು ಇನ್ನೂ ಮಾತಾಡುತ್ತಲೇ ಇದ್ದಾರೆ, ನೋಡಿ ಮೇಡಂ, ನಿಮ್ಮ ತಂಡದಲ್ಲಿ ಆರು ಜನ, ಆರೂ ಜನ ಚೆನ್ನಾಗಿದ್ದಾರೆ ಅಂದ್ರೆ ಮೇಲಿನವರು ಒಪ್ಪಲ್ಲ, ಒಬ್ಬರನ್ನ ಕೆಳಗಿನ ಸಾಲಿಗೆ ಹಾಕ್ಲೇಬೇಕು, ಹನ್ನೆರಡಕ್ಕೆ ಫಾರಂ ಮುಚ್ಚುತ್ತೆ. ಕೆಳಗಿನ ಸಾಲೆಂದರೆ ಏನೆಂದು ಇಬ್ಬರಿಗೂ ಗೊತ್ತು, ಮೂರು ತಿಂಗಳ ಗಡುವು, ವಾರಕ್ಕೊಂದು ವರದಿ, ಆಮೇಲೆ ಒಂದು ಬೆಳಿಗ್ಗೆ ಪಾಸ್‌ವರ್ಡ್ ಕೆಲಸ ಮಾಡುವುದಿಲ್ಲ. ಸರ್, ಆರೂ ಜನ ಕೆಲಸ ಮಾಡಿದ್ದಾರೆ ಎಂದೆ. ನನಗ್ಗೊತ್ತಿಲ್ವಾ, ನಾನೇನು ನಿಯಮ ಮಾಡಿದ್ದಾ ಎಂದು ಕೈ ಚೆಲ್ಲಿದರು. ಮತ್ತೆ ಯಾರು ಮಾಡಿದ್ದು, ಇಷ್ಟು ವರ್ಷದಲ್ಲಿ ನಿಯಮ ಮಾಡಿದವನೊಬ್ಬನೂ ನನ್ನ ಕೈಗೆ ಸಿಕ್ಕಿಲ್ಲ, ಸಿಕ್ಕವರೆಲ್ಲ ನನ್ನ ಹಾಗೆ ಅದನ್ನು ಮುಂದಕ್ಕೆ ದಾಟಿಸುವವರೇ, ಅವರು ಎದ್ದು ಹೋದರು, ಮುಂದಿನ ಗಾಜಿನ ಕೋಣೆಗೆ, ಅಲ್ಲಿ ಇನ್ನೊಬ್ಬ ತಂಡದ ಮುಖ್ಯಸ್ಥ, ಅವನೆದುರು ಇದೇ ಕೈ, ಇದೇ ಚೆಲ್ಲುವುದು.

ಹನ್ನೊಂದೂ ಹತ್ತು. ಹನ್ನೊಂದೂವರೆಗೆ ಆಸ್ಪತ್ರೆಯಲ್ಲಿ ಅಮ್ಮನ ಕಣ್ಣಿನ ಕಟ್ಟು ಬಿಚ್ಚುತ್ತಾರೆ, ನಾನು ಅಲ್ಲಿರಬೇಕಿತ್ತು, ರಜೆ ಬರೆದಿದ್ದೆ, ಮಂಜೂರೂ ಆಗಿತ್ತು, ಬೆಳಿಗ್ಗೆ ಏಳಕ್ಕೆ ಮ್ಯಾನೇಜರ ಫೋನು, ಅರ್ಧ ಗಂಟೆ ಬಂದುಹೋಗಿ ಸಾಕು — ಇವರ ಅರ್ಧ ಗಂಟೆ ಯಾವ ಗಡಿಯಾರದ್ದೋ ನಾನು ಕಾಣೆ. ಕಟ್ಟು ಬಿಚ್ಚಿದ ತಕ್ಷಣ ನಿನ್ನ ಮುಖಾನೇ ನೋಡ್ಬೇಕು ಕಣೇ, ನೀನು ಎಷ್ಟು ಇಳಿದುಹೋಗಿದ್ದೀಯ ಅಂತ ನಿಮ್ಮಕ್ಕ ಹೇಳೋದು ಸುಳ್ಳೋ ನಿಜಾನೋ ನೋಡ್ಬೇಕು, ಎಂದಿದ್ದಳು ನಿನ್ನೆ ಅಮ್ಮ, ಕಣ್ಣಿಗೆ ಬಿಳಿ ಹತ್ತಿ ಮೆತ್ತಿಕೊಂಡು ಗೋಡೆಯ ಕಡೆಗೆ ತಿರುಗಿ, ನಾನು ಕೂತಿದ್ದದ್ದು ಇನ್ನೊಂದು ಪಕ್ಕದಲ್ಲಿ. ಬರ್ತೀನಮ್ಮ ಎಂದೆ. ಈಗ ಇಲ್ಲಿ ಪರದೆಯ ಮೇಲೆ ಆರು ಹೆಸರು, ಆರು ಪುಟ್ಟ ಫೋಟೋ, ಕೆಳಗೊಂದು ಖಾಲಿ ಚೌಕ, ಯಾರನ್ನು ಎಳೆದು ಹಾಕುತ್ತೀ ಹಾಕು ಎಂದು ಬಾಯಿ ಕಳೆದು ಕೂತಿದೆ. ಒಬ್ಬಳು ಬಸುರಿ, ಅವಳನ್ನು ಹಾಕಿದರೆ ನನಗೆ ಅನ್ನ ಇಳಿಯುವುದಿಲ್ಲ. ಮೂವರಿಗೆ ಗ್ರಾಹಕರು ಹೊಗಳಿ ಬರೆದ ಪತ್ರಗಳಿವೆ, ಮುಟ್ಟುವ ಹಾಗಿಲ್ಲ. ಉಳಿದವರು ಗಡ್ಡದವನು, ಮತ್ತೆ ಮೌನಿ. ಗಡ್ಡದವನನ್ನು ಹಾಕಬೇಕು, ನ್ಯಾಯವಾಗಿ ಅವನನ್ನೇ, ನಮ್ಮದು ಲಾರಿಗಳಿಗೆ ದಾರಿ ತೋರಿಸುವ ಆ್ಯಪ್, ಹೋದ ತಿಂಗಳು ಅವನು ಮಾಡಿದ ತಪ್ಪಿಗೆ ನಲವತ್ತು ಲಾರಿಗಳು ತಗ್ಗು ಸೇತುವೆಯಡಿ ತೂರಲಾಗದೆ ಸಾಲುಗಟ್ಟಿ ನಿಂತಿದ್ದವು, ತಪ್ಪು ಎಲ್ಲಿದೆಯೆಂದು ಎರಡು ತಾಸಿನಲ್ಲಿ ಹುಡುಕಿದವಳು ಮೌನಿ, ಹುಡುಕಿ ಚೀಟಿಯಲ್ಲಿ ಬರೆದು ಅವನ ಮೇಜಿನ ಮೇಲಿಟ್ಟು ತುಟಿ ಪಿಟಕ್ಕೆನ್ನದೆ ಬಂದು ಕೂತಳು, ಅವನು ಅದನ್ನು ಸರಿಮಾಡಿ ತನ್ನ ಹೆಸರಲ್ಲಿ ಸೇರಿಸಿ, ಮರುದಿನ ಎಲ್ಲರೆದುರು ನಿಂತು, ಬಿಕ್ಕಟ್ಟಿನಲ್ಲಿ ನಾವು ಕಲಿತದ್ದೇನು ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ. ಲೆಕ್ಕದಲ್ಲಿ ಅವನ ಹೆಸರಿಗೆ ಎಂಬತ್ತು ಕೆಲಸ, ಇವಳ ಹೆಸರಿಗೆ ಹನ್ನೊಂದು. ನೀನ್ಯಾಕೆ ನಿನ್ನ ಹೆಸರು ಹಾಕ್ಕೊಳ್ಳಲ್ಲ ಎಂದು ಬೈದಿದ್ದೆ ಒಮ್ಮೆ. ಕೆಲಸ ಆಯ್ತಲ್ಲ ಮೇಡಂ, ಎಂದಳು. ಮೈ ಪರಚಿಕೊಳ್ಳುವ ಹಾಗಾಗಿತ್ತು ನನಗೆ, ಕೆಲಸ ಆದರೆ ಸಾಕೇನೇ, ಆಯಿತೆಂದು ನಾಲ್ಕು ಜನರಿಗೆ ಕೇಳಿಸಬೇಡವೇ ಇಲ್ಲಿ.

ನನ್ನದೇ ಹೆಸರು ಹಾಕಿ ನೋಡಿದೆ, ನಿಜವಾಗಿ ಹಾಕಿದೆ, ನಿಮ್ಮನ್ನು ನೀವೇ ಆಯ್ಕೆ ಮಾಡಲಾಗದು ಎಂದು ಕೆಂಪಕ್ಷರ ಬಂತು, ಚೌಕ ಖಾಲಿ ಬಿಟ್ಟೆ, ಕಡ್ಡಾಯವಾಗಿ ತುಂಬಿ ಎಂದಿತು, ಇಬ್ಬರೂ ಅರ್ಧರ್ಧ ಕೆಟ್ಟವರು ಎಂದು ಬರೆಯಲು ಜಾಗವೇ ಇಲ್ಲ. ಹನ್ನೊಂದೂ ನಲವತ್ತು, ಅಕ್ಕನ ಫೋನು ಮೇಜಿನ ಮೇಲೆ ಗುರ್ರೆನ್ನುತ್ತಿದೆ, ತೆಗೆಯಲಿಲ್ಲ, ಮತ್ತೆ ಗುರ್ರೆಂದಿತು. ಗಡ್ಡದವನನ್ನು ಹಾಕಿದರೆ ಅವನು ಬಿಡುವುದಿಲ್ಲ, ಮೇಲಿನವರೆಗೂ ಹೋಗುತ್ತಾನೆ, ಎಂಬತ್ತರ ಲೆಕ್ಕ ತೋರಿಸುತ್ತಾನೆ, ನಾನು ಮೂರು ವಾರ ಉತ್ತರ ಬರೆಯುತ್ತ ಕೂರಬೇಕು, ಮೌನಿಯಾದರೆ — ಮೌನಿಯಾದರೆ ಏನೂ ಅನ್ನುವುದಿಲ್ಲ. ಇದು ನನ್ನ ತಲೆಯಲ್ಲೇ ಬಂದದ್ದು, ಮ್ಯಾನೇಜರು ಹೇಳಿದ್ದಲ್ಲ, ಯಾವ ನಿಯಮದಲ್ಲೂ ಬರೆದದ್ದಲ್ಲ. ಹನ್ನೊಂದೂ ಐವತ್ತೆಂಟಕ್ಕೆ ಅವಳ ಫೋಟೋ ಎಳೆದು ಚೌಕದೊಳಗೆ ಬಿಟ್ಟೆ, ಅದು ಸಲೀಸಾಗಿ ಕೂತಿತು. ಧನ್ಯವಾದಗಳು, ಇನ್ನು ಬದಲಾಯಿಸಲಾಗದು.

ಫೋನು ಎತ್ತಿದೆ, ಅಕ್ಕ ರೇಗಿದ್ದಳು, ಎಲ್ಲಿ ಸಾಯ್ತಾ ಇದ್ದೀಯೇ, ಕಟ್ಟು ಬಿಚ್ಚಿ ಇಪ್ಪತ್ತು ನಿಮಿಷ ಆಯ್ತು, ನರ್ಸನ್ನ ನೋಡಿ ನೀನೇ ಅಂದ್ಕೊಂಡು ಕೆನ್ನೆ ಸವರಿದ್ಲು ಅಮ್ಮ, ಅವಳಲ್ಲಮ್ಮ ಅಂದೆ, ಕೈ ಹಿಂದಕ್ಕೆ ತಗೊಂಡ್ಲು. ಬಂದೆ ಅಕ್ಕ, ಹೊರಟೆ, ಎನ್ನುತ್ತ ಚೀಲ ಹೆಗಲಿಗೇರಿಸಿ ಓಡಿದೆ, ಮೇಜುಗಳ ನಡುವೆ ಯಾರ ಮುಖವನ್ನೂ ನೋಡದೆ ಓಡಿದೆ, ಲಿಫ್ಟಿನ ಹತ್ತಿರ ಅವಳು, ಮೌನಿ, ಒಳಗೆ ನಿಂತು ಒಂದು ಕೈ ಹೊರಗೆ ಚಾಚಿ ಬಾಗಿಲು ತಡೆದುಕೊಂಡಿದ್ದಾಳೆ. ಬನ್ನಿ ಮೇಡಂ, ಅಮ್ಮನ ಆಸ್ಪತ್ರೆ ಅಂತ ಬೆಳಿಗ್ಗೆ ಇಲ್ಲಿಗೆ ಬರ್ತಾ ಫೋನಲ್ಲಿ ಹೇಳ್ತಿದ್ರಲ್ಲ, ನೀವು ಎದ್ದಿದ್ದು ಕಾಣಿಸ್ತು, ಅದಕ್ಕೇ ಹಿಡ್ಕೊಂಡೆ. ಎರಡು ಹೆಜ್ಜೆ, ಎರಡೇ ಹೆಜ್ಜೆ, ಹೇಳಬೇಕು, ಈಗಲೇ ಹೇಳಿಬಿಡಬೇಕು, ಏನಂತ ಹೇಳಲಿ, ಬಾಗಿಲು ಬಂತು, ಅವಳ ಅಂಗೈಗೆ ತಾಗಿತು, ಹಿಂದೆ ಸರಿಯಿತು, ಬನ್ನಿ ಮೇಡಂ, ನಾನಿನ್ನೂ ಹೊರಗೇ, ಬಾಗಿಲು ಬಂತು, ಆ ಸಣ್ಣ ಅಂಗೈ, ಬೆರಳಿನಲ್ಲಿ ಪೆನ್ನಿನ ನೀಲಿ ಕಲೆ, ತಾಗಿತು, ಹಿಂದೆ ಸರಿಯಿತು, ಬಾಗಿಲು ಮತ್ತೆ ಬಂತು, ಅಂಗೈ, ಅವಳು ತೆಗೆಯುತ್ತಿಲ್ಲ, ಅಂಗೈ —