ಮೊಟ್ಟೆಪೆಟ್ಟಿಗೆಯ ಶಾಖ

ತೈನಾನ್ ಊರಲ್ಲಿ ಚಿರತೆಚುಕ್ಕೆಯ ಹಲ್ಲಿಗಳನ್ನು ಸಾಕಿ ಮರಿ ಮಾಡಿಸುವವರಲ್ಲಿ ಪೈಶಾನ್ ಎತ್ತಿದ ಕೈ. ಗಿರಾಕಿಗಳು ಗಂಡುಮರಿ ಕೇಳಿದರೆ ಮೊಟ್ಟೆಪೆಟ್ಟಿಗೆಯ ಶಾಖವನ್ನು ಏರಿಸುವಳು, ಹೆಣ್ಣು ಕೇಳಿದರೆ ಇಳಿಸುವಳು. ಅವಳ ಎಣಿಕೆ ತಪ್ಪಿದ್ದೇ ಅಪರೂಪ.

ಒಂದು ದಿನ ಅವಳು ಗಿರಾಕಿಯೊಬ್ಬನಿಗೆ ಇದನ್ನು ವಿವರಿಸುತ್ತಿದ್ದುದು ಕಿವಿಗೆ ಬಿದ್ದದ್ದೇ ತಡ, ಪೇರಳೆ ತಿನ್ನುತ್ತಿದ್ದ ಅವಳ ಅತ್ತೆ ಕೈ ತಟ್ಟಿದರು. "ಹಿಂಗೋ ವಿಷ್ಯ! ಸೆಕೆಗೆ ಗಂಡು, ತಂಪಿಗೆ ಹೆಣ್ಣು! ನಿಂಗೆ ಮೂರೂ ಹೆಣ್ಣೇ ಯಾಕಾದ್ವು ಅಂತ ಈಗ ಗೊತ್ತಾಯ್ತು. ಬಸುರೀಲಿ ಹಗಲೂ ರಾತ್ರಿ ಏಸಿ ಹಾಕ್ಕೊಂಡು ಬಿದ್ದಿರ್ತಿದ್ದೆಯಲ್ಲೇ!"

ಮೊಟ್ಟೆ ಮಗುಚಿದರೆ ಮರಿ ಸಾಯುತ್ತದೆ. ಪೈಶಾನ್ ಪ್ರತಿ ಮೊಟ್ಟೆಯ ನೆತ್ತಿಗೂ ಪೆನ್ಸಿಲ್ ಚುಕ್ಕೆಯಿಟ್ಟು, ನಿಧಾನವಾಗಿ ಮುಚ್ಚಳ ಹಾಕಿದಳು.

"ಹೌದಾ ಅತ್ತೆ? ನೀವು ಏಸಿ ಮುಖಾನೇ ಕಂಡಿರ್ಲಿಲ್ಲ. ತಗಡಿನ ಮನೇಲಿ ಬೆಂದು ಬೆಂದು ನಾಲ್ಕು ಹೆಣ್ಣು ಹೆತ್ತಾದ್ಮೇಲೆ ತಾನೇ ನಿಮ್ಮ ಮಗ ಹುಟ್ಟಿದ್ದು?"