ಸಾಲು ನಿಲ್ಲದ ಭಾನುವಾರ

ಶಿವಮೊಗ್ಗದ ಆ ಬಾಲಿಕಾಶ್ರಮದಲ್ಲಿ ಊಟ ಕೊಡಿಸುವವರ ಹೆಸರನ್ನು ಹಿಂದಿನ ದಿನವೇ ಕರಿಹಲಗೆಯ ಮೇಲೆ ಬರೆಯುವುದು ರೂಢಿ. ಅಕ್ಷರ ದುಂಡಗಿದ್ದುದರಿಂದ ಆ ಕೆಲಸ ಕವನಳದು. ತೊಂಬತ್ತೆಂಟರ ಆಗಸ್ಟಿನ ಒಂದು ಶನಿವಾರ ಸಂಜೆ, ಚೀಟಿ ನೋಡಿಕೊಂಡು ‘ಕುಮಾರಿ ಅಮೂಲ್ಯ, ಹುಟ್ಟುಹಬ್ಬ, ತಂದೆ ಶಿವರಾಜ್’ ಎಂದು ಬರೆಯುವಾಗ ಅವಳ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಎಂಟನೇ ತರಗತಿಯಲ್ಲಿ ಅಮೂಲ್ಯ ಅವಳ ಪಕ್ಕದಲ್ಲೇ ಕೂರುವ ಹುಡುಗಿ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದಾನೆ, ತಾನು ಇಲ್ಲಿ ಅತ್ತೆ ಮನೆಯಲ್ಲಿದ್ದೇನೆ ಎಂದು ಕವನ ಹೈಸ್ಕೂಲು ಸೇರಿದ ದಿನವೇ ಅವಳಿಗೆ ಹೇಳಿಬಿಟ್ಟಿದ್ದಳು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅತ್ತೆ ಎಂಬುವಳು ಇರಲೇ ಇಲ್ಲ.

ಭಾನುವಾರ ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಗೇಟಿನ ತನಕ ಹೋಗುವಳು, ಬಾವಿಕಟ್ಟೆಗೆ ಬರುವಳು, ಮತ್ತೆ ಗೇಟಿಗೆ. ದಾನಿಗಳು ಬಂದಾಗ ಮಕ್ಕಳೆಲ್ಲ ತಟ್ಟೆ ಹಿಡಿದು ಸಾಲಾಗಿ ನಿಂತು ಪ್ರಾರ್ಥನೆ ಹಾಡಬೇಕು. ಅವರು ಸಿಹಿ ಹಾಕಿ ಫೋಟೋ ತೆಗೆದ ಮೇಲೆಯೇ ಊಟ. ಎಲ್ಲರಿಗಿಂತ ದೊಡ್ಡವಳಾದ ಕವನ ಸಾಲಿನ ಮೊದಲಲ್ಲೇ ನಿಲ್ಲಬೇಕು.

ಅಡುಗೆಯ ಉಚ್ಚಂಗಮ್ಮ ಏನೂ ಕೇಳದೆ ಅವಳನ್ನು ಅಡುಗೆಮನೆಗೆ ಕರೆದು, ಮುಂದೆ ಒಂದು ಮೊರ ಬೆಳ್ಳುಳ್ಳಿ ಇಟ್ಟು, “ಇಲ್ಲೇ ಕೂತ್ಕೊ ಮಗಾ” ಎಂದಳು. ಆದರೆ ಹಾಡಿಗೆ ಹುಡುಗಿ ಕಾಣಲಿಲ್ಲವೆಂದು ವಾರ್ಡನ್ ಜಗದಾಂಬಾ ತಾವೇ ಹುಡುಕಿಕೊಂಡು ಬಂದರು. ಅವರು ಈ ಕೆಲಸಕ್ಕೆ ಬಂದು ಮೂರು ತಿಂಗಳಾಗಿತ್ತಷ್ಟೆ. ಕವನ ತಲೆಯೆತ್ತದೆ, ಬೆಳ್ಳುಳ್ಳಿ ಸುಲಿಯುತ್ತಲೇ ಎಲ್ಲವನ್ನೂ ಹೇಳಿದಳು.

ಸುಳ್ಳಿಗೆ ಬೈಯಬೇಕೆಂದು ಬಾಯಿ ತೆರೆದ ಜಗದಾಂಬಾ ಬೈಯಲಿಲ್ಲ. ಊಟದ ಹೊತ್ತು ಮೀರಿದರೂ ದಾನಿಗಳು ಬಂದಿರಲಿಲ್ಲ; ಹೊರಗೆ ಚಿಕ್ಕ ಮಕ್ಕಳು ಖಾಲಿ ತಟ್ಟೆ ಬಡಿಯುತ್ತಿದ್ದವು.

“ಉಚ್ಚಂಗಮ್ಮ, ಬಡಿಸಿಬಿಡಿ. ಇನ್ಮೇಲೆ ಈ ಸಾಲು ಬೇಡ.”

“ಅವ್ರು ಸಿಟ್ಟಾದ್ರೆ ಮೇಡಂ?”

“ಆಗ್ಲಿ. ನಾನು ಮಾತಾಡ್ತೀನಿ.”

ಕಾರು ಬಂದಾಗ ಮಕ್ಕಳು ಉಂಡು, ಕೈ ತೊಳೆದು, ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು. ಶಿವರಾಜ್ ಅವರ ಮುಖ ಬಿಗಿಯಿತು. ಹೀಗಾದರೆ ಮುಂದಿನ ವರ್ಷ ಯೋಚನೆ ಮಾಡಬೇಕಾಗುತ್ತದೆ ಎಂದೂ ಅಂದರು. ಮಕ್ಕಳಿಗೆ ಹಸಿವಾಗಿತ್ತು, ನೀವು ನಮ್ಮ ಮನೆಗೆ ಬಂದ ನೆಂಟರು, ಕೂತು ಉಣ್ಣಿ ಎಂದು ಜಗದಾಂಬಾ ಎಲೆ ಹಾಕಿಸಿದರು. ಶಿವರಾಜ್ ಅವರ ಹೆಂಡತಿ ಸುಮನಾ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತರು. ಆಮೇಲೆ ಶಿವರಾಜ್ ಅವರೂ ಕೂರಲೇಬೇಕಾಯಿತು.

ಅಡುಗೆಮನೆಗೆ ಬಂದ ಜಗದಾಂಬಾ, “ನೀನು ಇಲ್ಲೇ ಇರಮ್ಮ, ಯಾರೂ ಕರೆಯಲ್ಲ” ಎಂದರು.

ಕವನ ಬಾಗಿಲ ಸಂದಿಯಿಂದ ನೋಡಿದಳು. ಸಾರು ಮುಗಿದು ಬರಿ ಅನ್ನ ಕಲೆಸುತ್ತಿದ್ದ ಅಮೂಲ್ಯ, ಕೇಳಲು ನಾಚಿ ಅತ್ತಿತ್ತ ನೋಡುತ್ತಿದ್ದಳು. ಕವನ ಎರಡು ಹೆಜ್ಜೆ ಹಿಂದೆ ಸರಿದಳು. ನಿಂತಳು. ಆಮೇಲೆ ಸಾರಿನ ಪಾತ್ರೆ ಎತ್ತಿಕೊಂಡು ಹೊರಗೆ ನಡೆದಳು.

“ಸಾರು ಹಾಕ್ಲೇನೇ?”

ಅಮೂಲ್ಯ ತಲೆಯೆತ್ತಿದಳು.

“ನಾನಿರೋದು ಇಲ್ಲೇ ಕಣೇ. ಅತ್ತೆ ಮನೆ ಅಂದಿದ್ದು ಸುಳ್ಳು.”

ಅಮೂಲ್ಯ ಅಪ್ಪನ ಕಡೆ ಒಮ್ಮೆ ನೋಡಿ, ಅನ್ನದ ನಡುವೆ ಬೆರಳಿಂದ ಗುಳಿ ಮಾಡಿದಳು. “ಹಾಕು. ಗಣಿತದ ನಾಲ್ಕನೇ ಲೆಕ್ಕ ಬಂತಾ ನಿಂಗೆ?”

“ಬಂತು,” ಎಂದಳು ಕವನ. ಸೌಟು ಬಗ್ಗಿಸಿದಳು. ಒಂದಿಷ್ಟು ಸಾರು ಎಲೆಯಾಚೆ ಚೆಲ್ಲಿತು.